ಕಡಲ ಬದಿಯ ಗುಡ್ಡದ ದಾರಿ: ಇಡೀ ಗುಂಪು ಒಟ್ಟಿಗೆ ನಡೆದು ಮುಗಿಸುವುದು ಹೇಗೆ?

ಕಡಲ ಪಕ್ಕದ ಗುಡ್ಡ ಎಂದರೆ ಸುಲಭ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಎತ್ತರ ಕಡಿಮೆ, ಗಾಳಿ ತಂಪು, ಎಂಟು ಕಿಲೋಮೀಟರ್ ತಾನೇ, ಅಜ್ಜಿಯೂ ಬರಲಿ, ಮಕ್ಕಳೂ ಬರಲಿ ಎಂದು ಹೊರಟುಬಿಡುತ್ತಾರೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಗುಂಪು ಮೂರು ಚೂರಾಗಿರುತ್ತದೆ. ಮುಂದೆ ಹೋದವರು ಕಾದು ಕಾದು ಸಿಡಿಮಿಡಿಗೊಂಡಿರುತ್ತಾರೆ. ಹಿಂದೆ ಉಳಿದವರಿಗೆ ತಮ್ಮಿಂದಲೇ ಎಲ್ಲರಿಗೂ ತೊಂದರೆ ಆಯಿತೆಂಬ ಸಂಕಟ. ಇಂಥ ಗುಂಪುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನ ಸಲ ಎಡವಟ್ಟು ಆಗಿರುವುದು ಮನೆಯಲ್ಲೇ, ದಾರಿ ಆರಿಸುವಾಗ.

1. ಯಾರು ಬರುತ್ತಾರೆ ಎಂದು ಮೊದಲು ಕೇಳಿ

‘ನಿಮಗೆ ನಡೆಯೋಕೆ ಆಗುತ್ತಾ?’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಬೇರೆ ಥರ ಕೇಳಿ. ಕೂರದೆ ಎಷ್ಟು ಹೊತ್ತು ನಡೆಯುತ್ತೀರಿ? ಕಂಬಿ ಹಿಡಿಯದೆ ಮೆಟ್ಟಿಲು ಇಳಿಯುತ್ತೀರಾ? ಇಳಿಯುವಾಗ ಮಂಡಿ ನೋಯುತ್ತಾ? ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ.

2. ದಾರಿಯನ್ನು ಓದಿ (ಎಲ್ಲರೂ ಎಡವುವುದು ಇಲ್ಲೇ)

ಜನ ಕಿಲೋಮೀಟರ್ ನೋಡುತ್ತಾರೆ, ಹೆಚ್ಚೆಂದರೆ ಗುಡ್ಡದ ತುದಿಯ ಎತ್ತರ ನೋಡುತ್ತಾರೆ. ಕಡಲ ಬದಿಯಲ್ಲಿ ಇವೆರಡೂ ಸಾಲುವುದಿಲ್ಲ. ಗುಡ್ಡದಿಂದ ಸಮುದ್ರಕ್ಕೆ ಇಳಿಯುವ ಒಂದೊಂದು ತೊರೆಯೂ ನೆಲ ಕೊರೆದು ಒಂದು ಕಣಿವೆ ಮಾಡಿರುತ್ತದೆ. ದಂಡೆಯ ಗುಂಟ ಹೋಗುವ ಕಾಲುದಾರಿ ಅಷ್ಟೂ ಕಣಿವೆಗೆ ಇಳಿದು, ಮತ್ತೆ ಹತ್ತಬೇಕು. ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ನೋಡಿ. ಸುಮಾರು 1,014 ಕಿಲೋಮೀಟರ್ ಉದ್ದದ ಆ ದಾರಿಯ ಅತಿ ಎತ್ತರದ ಜಾಗ ಬರೀ 318 ಮೀಟರ್. ಆದರೆ ಹತ್ತಿದ್ದನ್ನೆಲ್ಲ ಕೂಡಿಸಿದರೆ ಸುಮಾರು 35,000 ಮೀಟರ್, ಎವರೆಸ್ಟಿನ ನಾಲ್ಕರಷ್ಟು!

ಹಾಗಾಗಿ ನೀವು ಹುಡುಕಬೇಕಾದ ಅಂಕಿ ‘ಒಟ್ಟು ಏರು’. ಕಾಂಟೂರ್ ಗೆರೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ನಕ್ಷೆ ಇದ್ದರೆ ಬೆರಳಿಟ್ಟು ದಾರಿಯ ಜೊತೆ ಸಾಗಿ. ಮೇಲಕ್ಕೆ ದಾಟಿದ ಗೆರೆಗಳನ್ನು ಮಾತ್ರ ಎಣಿಸಿ, ಎರಡು ಗೆರೆಗಳ ನಡುವಿನ ಎತ್ತರದಿಂದ ಗುಣಿಸಿ. ಮೊಬೈಲ್ ಆ್ಯಪ್ ಕೂಡ ಇದನ್ನು ಹೇಳುತ್ತದೆ. ಆದರೆ ಒಂದೊಂದು ಆ್ಯಪ್ ಒಂದೊಂದು ಅಂಕಿ ಕೊಡುವುದುಂಟು. ಆಗ ದೊಡ್ಡದನ್ನೇ ನಂಬಿ.

ಈಗ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಗಂಟೆಗೆ 5 ಕಿಲೋಮೀಟರ್, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಒಂದು ಗಂಟೆ. ಅಂದರೆ 100 ಮೀಟರ್ ಏರಿಗೆ 10 ನಿಮಿಷ. 8 ಕಿಲೋಮೀಟರ್ ದಾರಿ, ಒಟ್ಟು ಏರು 450 ಮೀಟರ್ ಎಂದಿಟ್ಟುಕೊಳ್ಳಿ. ಗಟ್ಟಿಮುಟ್ಟಾದವರಿಗೆ 2 ಗಂಟೆ 21 ನಿಮಿಷ ಆಗುತ್ತದೆ. ಹಿರಿಯರು, ಮಕ್ಕಳು ಇದ್ದರೆ ವೇಗವನ್ನು 3 ಕಿಲೋಮೀಟರಿಗೆ ಇಳಿಸಿ. ಆಗ 3 ಗಂಟೆ 25 ನಿಮಿಷ. ಗಂಟೆಗೆ ಹತ್ತು ನಿಮಿಷದ ವಿಶ್ರಾಂತಿ ಸೇರಿಸಿದರೆ ನಾಲ್ಕು ಗಂಟೆ ಬೇಕು. ದಾರಿ ಅದೇ, ಸಮಯ ಒಂದೂವರೆ ಪಟ್ಟಿಗೂ ಜಾಸ್ತಿ. ನಿಮ್ಮ ಗುಂಪಿನಲ್ಲಿ ಅತಿ ನಿಧಾನ ನಡೆಯುವವರ ವೇಗವೇ ಲೆಕ್ಕಕ್ಕೆ ಬರಬೇಕು. ಸರಾಸರಿ ತೆಗೆದರೆ ಕೆಟ್ಟಿತು.

ಲೆಕ್ಕ ಇಲ್ಲಿಗೇ ಮುಗಿಯಲಿಲ್ಲ. ಆ 450 ಮೀಟರ್ ಹೇಗೆ ಹಂಚಿದೆ ಎಂದೂ ನೋಡಬೇಕು. ಕಾಂಟೂರ್ ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರ ದೂರ ಇದ್ದರೆ ಮೆಲ್ಲಗಿನ ಏರು. ಕಡಿದಾದ ಇಳಿಜಾರು ಕೊನೆಯ ಎರಡು ಕಿಲೋಮೀಟರಿನಲ್ಲಿದ್ದರೆ ಆ ದಾರಿಯನ್ನು ತಿರುಗಿಸಿ ನಡೆಯಿರಿ ಅಥವಾ ಬಿಟ್ಟುಬಿಡಿ. ದಣಿದ ಕಾಲಿಗೆ ಏರಿಗಿಂತ ಇಳಿಜಾರು ಜಾಸ್ತಿ ಕಷ್ಟ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅದು ಸೋತರೆ ಭಾರವೆಲ್ಲ ಮಂಡಿಗೆ ಬೀಳುತ್ತದೆ.

ಗಾಲಿಕುರ್ಚಿ ಅಥವಾ ಮಗುವಿನ ತಳ್ಳುಗಾಡಿ ಬರುವುದಾದರೆ ಇಳಿಜಾರಿನ ಪ್ರಮಾಣ ಇನ್ನೂ ಮುಖ್ಯ. 20 ಮೀಟರ್ ಸಾಗಿದಾಗ 1 ಮೀಟರ್ ಏರುವ ದಾರಿ ಆರಾಮ. 12 ಮೀಟರಿಗೆ 1 ಮೀಟರ್ ಎಂದರೆ ಕಟ್ಟಡಗಳ ರ‍್ಯಾಂಪಿನ ಮಿತಿ. ಅದನ್ನು ಸ್ವಲ್ಪ ದೂರ ತಳ್ಳಬಹುದು, ಗುಡ್ಡದುದ್ದಕ್ಕೂ ಆಗದು. ದಾರಿಯ ಅಗಲ ಎಲ್ಲೂ 90 ಸೆಂಟಿಮೀಟರಿಗಿಂತ ಕಡಿಮೆ ಆಗಬಾರದು, ಕುರ್ಚಿ ತಿರುಗಿಸಲು ಅಲ್ಲಲ್ಲಿ ಒಂದೂವರೆ ಮೀಟರ್ ಜಾಗ ಬೇಕು. ದಾರಿ ಪಕ್ಕಕ್ಕೆ ವಾಲಿದ್ದರೆ ಇನ್ನೂ ತಾಪತ್ರಯ, ಕುರ್ಚಿ ಕಡಲ ಕಡೆಗೇ ಎಳೆಯುತ್ತಿರುತ್ತದೆ. ಒಂದು ಮೆಟ್ಟಿಲು, ಒಂದು ಇಕ್ಕಟ್ಟಾದ ಗೇಟು ಸಾಕು, ಇಡೀ ದಾರಿ ಅಲ್ಲೇ ಮುಗಿಯಿತು. ‘ಎಲ್ಲರಿಗೂ ಸೂಕ್ತ’ ಎಂಬ ಫಲಕವನ್ನು ನಂಬಬೇಡಿ. ಗುಂಪಿನಲ್ಲಿ ಒಬ್ಬರು ಮೊದಲೇ ಹೋಗಿ ನೋಡಿ ಬರಲಿ, ಅಳತೆಪಟ್ಟಿ ಜೇಬಿನಲ್ಲಿರಲಿ.

ದಾರಿಯ ಆಕಾರದ ಬಗ್ಗೆ ನನ್ನ ಮಾತು ಖಡಾಖಂಡಿತ. ಒಂದು ದೊಡ್ಡ ಸುತ್ತು ಬೇಡ. ಅರ್ಧ ಮುಗಿದ ಮೇಲೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ. ಇಂಗ್ಲಿಷಿನ 8 ಅಂಕಿಯ ಆಕಾರದಲ್ಲಿ ಎರಡು ಚಿಕ್ಕ ಸುತ್ತು ಹಾಕಿ. ಮೊದಲ ಸುತ್ತು ಮುಗಿದಾಗ ವಾಹನದ ಹತ್ತಿರ ಬಂದಿರುತ್ತೀರಿ. ಸಾಕೆನಿಸಿದವರು ಅಲ್ಲೇ ಕೂರಬಹುದು, ಯಾರೂ ಸೋತಂತೆ ಆಗುವುದಿಲ್ಲ. ಮೊದಲ ಸುತ್ತು ಕಾಡಿನೊಳಗಿರಲಿ, ಎರಡನೆಯದು ಬಯಲು ಗುಡ್ಡದ್ದು. ಮಧ್ಯಾಹ್ನದ ಹೊತ್ತಿಗೆ ಹೊರಡುವುದಾದರೆ ಇದನ್ನು ಉಲ್ಟಾ ಮಾಡಬೇಡಿ, ಬಿಸಿಲಿಗೆ ನೆರಳೇ ಬೇಕು.

3. ಉಬ್ಬರ-ಇಳಿತ ನೋಡಿ

ದಾರಿ ಮರಳಿಗೋ ಬಂಡೆಗೋ ಇಳಿಯುವುದಾದರೆ ಆ ದಿನದ ಉಬ್ಬರದ ಸಮಯ ಬರೆದಿಟ್ಟುಕೊಳ್ಳಿ. ಹೆಚ್ಚಿನ ದಂಡೆಗಳಲ್ಲಿ ಎರಡು ಉಬ್ಬರಗಳ ನಡುವೆ ಸುಮಾರು 12 ಗಂಟೆ 25 ನಿಮಿಷ ಅಂತರ ಇರುತ್ತದೆ. ಹಾಗಾಗಿ ದಿನದಿನಕ್ಕೂ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಕಳೆದ ವಾರದ ಸಮಯ ಈ ವಾರ ಕೆಲಸಕ್ಕೆ ಬಾರದು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದು ಅದಕ್ಕಿಂತ ಮುಖ್ಯ. ಮೊದಲ ಗಂಟೆ ತೀರಾ ನಿಧಾನ. ಮೂರನೆಯ, ನಾಲ್ಕನೆಯ ಗಂಟೆಯಲ್ಲೇ ಒಟ್ಟು ಏರಿಕೆಯ ಅರ್ಧದಷ್ಟು ಬಂದುಬಿಡುತ್ತದೆ. ‘ಇನ್ನೂ ಟೈಮಿದೆ’ ಎಂದು ಕೂತವರು ಸಿಕ್ಕಿಹಾಕಿಕೊಳ್ಳುವುದು ಆಗಲೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಬಂಡೆ ಸುತ್ತುವ ದಾರಿ ಬೇಡವೇ ಬೇಡ, ಗುಡ್ಡದ ಮೇಲಿನದನ್ನೇ ಹಿಡಿಯಿರಿ.

4. ಚೀಲ ಕಟ್ಟಿ

ನೀರು, ತಿಂಡಿ, ಟೋಪಿ, ಟಾರ್ಚ್, ಸೀಟಿ, ಇಂಟರ್ನೆಟ್ ಇಲ್ಲದೆಯೂ ತೆರೆಯುವ ನಕ್ಷೆ. ಇಷ್ಟು ಸಾಕು. ಕಡಲ ಗಾಳಿಗೆ ಬೆವರು ಆಗಾಗಲೇ ಆರಿಹೋಗುವುದರಿಂದ ಎಷ್ಟು ಬೆವರಿದ್ದೀರಿ ಎಂದು ಗೊತ್ತಾಗುವುದಿಲ್ಲ. ತಲಾ ಗಂಟೆಗೆ ಅರ್ಧ ಲೀಟರ್ ಲೆಕ್ಕ ಇಡಿ.

ಹೊಸ ಶೂ ಹಾಕಿಕೊಂಡು ಬರಬೇಡಿ. ಜೀನ್ಸ್ ಕೂಡ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಇಳಿಯುವಾಗ ಮಂಡಿಗೆ ಕೋಲು ನಿಜಕ್ಕೂ ನೆರವಾಗುತ್ತದೆ. ಆದರೆ ಒಂದರೊಳಗೊಂದು ಸೇರುವ, ತಿರುಚಿ ಬಿಗಿ ಮಾಡುವ ಅಗ್ಗದ ಕೋಲು ಕೊಳ್ಳಬೇಡಿ. ಭಾರ ಬಿದ್ದ ಹೊತ್ತಿಗೇ ಸರಕ್ಕನೆ ಒಳಗೆ ಜಾರುತ್ತದೆ. ಇಂಥದ್ದಕ್ಕಿಂತ ಕೋಲು ಇಲ್ಲದಿರುವುದೇ ಮೇಲು. ಕ್ಲಿಪ್ ಒತ್ತಿ ಬಿಗಿಯುವಂಥದ್ದನ್ನು ತನ್ನಿ, ಇಳಿಜಾರಿನಲ್ಲಿ ನಾಲ್ಕು ಬೆರಳು ಉದ್ದ ಮಾಡಿಕೊಳ್ಳಿ.

5. ನಡೆಯಿರಿ

ನಿಧಾನ ನಡೆಯುವವರು ಸಾಲಿನಲ್ಲಿ ಎರಡನೆಯವರಾಗಿರಲಿ. ದಾರಿ ಗೊತ್ತಿರುವ ಒಬ್ಬರು ಅವರ ಮುಂದೆ, ಇನ್ನೊಬ್ಬರು ಎಲ್ಲರಿಗಿಂತ ಕೊನೆಗೆ. ವಿಶ್ರಾಂತಿಯ ವಿಷಯದಲ್ಲಿ ಒಂದು ಅನ್ಯಾಯ ಯಾವಾಗಲೂ ನಡೆಯುತ್ತದೆ. ಮುಂದಿನವರು ಕೂತು ಸುಧಾರಿಸಿಕೊಳ್ಳುತ್ತಾರೆ, ಹಿಂದಿನವರು ಏದುಸಿರು ಬಿಡುತ್ತಾ ಬಂದು ಮುಟ್ಟಿದ ಕೂಡಲೇ ‘ಸರಿ, ಹೊರಡೋಣ’ ಎಂದು ಏಳುತ್ತಾರೆ. ಯಾರಿಗೆ ವಿಶ್ರಾಂತಿ ಬೇಕಿತ್ತೋ ಅವರಿಗೇ ಸಿಗಲಿಲ್ಲ, ಅಲ್ವಾ? ಕೊನೆಯವರು ಕೂತ ಮೇಲೆ ಹತ್ತು ನಿಮಿಷ ಎಣಿಸಲು ಶುರುಮಾಡಿ.

ಕಣ್ಣು ಕಾಣದವರು ಜೊತೆಗಿದ್ದರೆ ಅಗಲ ದಾರಿಯಲ್ಲಿ ನಿಮ್ಮ ಮೊಣಕೈ ಹಿಡಿಯಲಿ. ಕಿರಿದಾದ ಕಡೆ ಒಂದು ಕೋಲಿನ ಎರಡು ತುದಿಯನ್ನು ಇಬ್ಬರೂ ಹಿಡಿದು ಹಿಂದೆ ಮುಂದೆ ನಡೆಯಿರಿ. ‘ಹುಷಾರು’ ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಎಡಗಡೆ ಬೇರು, ಒಂದು ಹೆಜ್ಜೆ ಕೆಳಗೆ’ ಎಂದು ಹೇಳಿ. ಅವರ ಕೈ ಹಿಡಿದು ಎಳೆಯಬೇಡಿ.

ಕಾಡಿನಲ್ಲಿ ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಸುತ್ತಿ ಇಳಿಯುವ ದಾರಿಯನ್ನು ಕತ್ತರಿಸಿ ನೇರ ಜಾರುವ ಒಳದಾರಿಗಳು ಕಾಣುತ್ತವೆ. ಹಿಡಿಯಬೇಡಿ. ಉಳಿಯುವುದು ನಾಲ್ಕೈದು ನಿಮಿಷ, ಮುಂದಿನ ಮಳೆಗೆ ಅದೇ ಗೀರಿನಲ್ಲಿ ನೀರು ಹರಿದು ಮಣ್ಣು ಕೊಚ್ಚಿಹೋಗುತ್ತದೆ. ಕಡಿದಾದ ಅಂಚಿನಲ್ಲಿ ಹುಲ್ಲು ಗಟ್ಟಿ ನೆಲದಂತೆ ಕಂಡರೂ ಕೆಳಗಿನ ಮಣ್ಣನ್ನು ಅಲೆ ತಿಂದಿರಬಹುದು. ಫೋಟೊಗಾಗಿ ಅಲ್ಲಿ ಹೋಗಿ ನಿಲ್ಲುವವರನ್ನು ಕೂಗಿ ಕರೆಯಿರಿ, ಮುಜುಗರ ಬೇಡ.

ಹೊರಡುವಾಗಲೇ ವಾಪಸ್ ತಿರುಗುವ ಸಮಯ ಗೊತ್ತುಮಾಡಿ ಎಲ್ಲರಿಗೂ ಹೇಳಿ. ಎಷ್ಟೇ ಹತ್ತಿರ ಬಂದಿದ್ದರೂ ಆ ಹೊತ್ತಿಗೆ ತಿರುಗಲೇಬೇಕು. ಮರಗಳ ಕೆಳಗೆ ಬಯಲಿಗಿಂತ ಮೊದಲೇ ಕತ್ತಲಾಗುತ್ತದೆ. ಯಾರಾದರೂ ಬಿದ್ದು ಏಳಲಾಗದಿದ್ದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದಿ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಹೊರಡುವ ಮುನ್ನ ಇದನ್ನು ಮಕ್ಕಳಿಗೂ ಕಲಿಸಿ, ಒಂದು ಸೀಟಿ ಅವರ ಕೊರಳಿಗೂ ಹಾಕಿ.