ಬಗ್ಗಡದ ವಿದ್ಯುತ್ತನ್ನು ಅಳೆದ ಬಗೆ: ನನ್ನ ಅನುಭವ

ಜೀವಾಣುಗಳು ಆಹಾರವನ್ನು ಒಡೆಯುವಾಗ ಬಿಡುವ ಎಲೆಕ್ಟ್ರಾನ್‌ಗಳಿಂದ ವಿದ್ಯುತ್ ಪಡೆಯುವ ಸೂಕ್ಷ್ಮಜೀವಿ ಇಂಧನಕೋಶದ ಅಧ್ಯಯನಕ್ಕೆ ಪೊಟೆನ್ಷಿಯೋಸ್ಟಾಟ್ (ವಿದ್ಯುದ್ವಾರದ ವೋಲ್ಟೇಜನ್ನು ನಿಗದಿಯಾಗಿ ಹಿಡಿದಿಟ್ಟು ವಿದ್ಯುತ್ ಹರಿವನ್ನು ಅಳೆಯುವ ಉಪಕರಣ) ಇರಲೇಬೇಕೆಂಬ ಮಾತನ್ನು ಕೇಳಿದ್ದೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದು ಇರಲಿಲ್ಲ. ಎರಡು ಗಾಜಿನ ಸೀಸೆ, ಒಂದು ಮಲ್ಟಿಮೀಟರ್ ಮತ್ತು ಬಿಡಿ ರೋಧಕಗಳಿಂದಲೇ ನಾನು ಕೆಲಸ ಆರಂಭಿಸಿದೆ.

250 ಮಿ.ಲೀ. ಸೀಸೆಗಳೆರಡನ್ನು ಅಡ್ಡ ಕೊಳವೆಯಿಂದ ಕೂಡಿಸಿ, ನಡುವೆ ಪ್ರೋಟಾನ್‌ಗಳನ್ನು ದಾಟಿಸುವ ನ್ಯಾಫಿಯಾನ್ 117 ಪೊರೆಯನ್ನು ಬಿಗಿದೆ. ಈ ಪೊರೆಯನ್ನು ಪೊಟ್ಟಣದಿಂದ ತೆಗೆದು ಹಾಗೆಯೇ ಬಳಸುವಂತಿಲ್ಲ, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್, ಶುದ್ಧ ನೀರು, 0.5 ಮೋಲಾರ್ ಗಂಧಕಾಮ್ಲ, ಮತ್ತೆ ಶುದ್ಧ ನೀರು, ಹೀಗೆ ಒಂದೊಂದರಲ್ಲೂ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಬೇಕು. ಜೀವಾಣುಗಳಿಂದ ಎಲೆಕ್ಟ್ರಾನ್ ಪಡೆಯುವ ವಿದ್ಯುದ್ವಾರವಾದ ಆನೋಡಿಗೆ 20 ಚದರ ಸೆಂ.ಮೀ. ಕಾರ್ಬನ್ ಫೆಲ್ಟ್ (ಇಂಗಾಲದ ಎಳೆಗಳ ಹಾಸು), ಆಹಾರವಾಗಿ ಲೀಟರಿಗೆ ಒಂದು ಗ್ರಾಂ ಸೋಡಿಯಂ ಅಸಿಟೇಟ್, ಜೀವಾಣುಗಳ ಮೂಲವಾಗಿ ಗೋಬರ್ ಗ್ಯಾಸ್ ತೊಟ್ಟಿಯ ಬಗ್ಗಡವನ್ನು ಬಳಸಿದೆ. ಆನೋಡ್ ಕೋಣೆಗೆ ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಹೊರದೂಡಿದೆ. ಎದುರಿನ ವಿದ್ಯುದ್ವಾರವಾದ ಕ್ಯಾಥೋಡ್ ಕಡೆಯಲ್ಲಿದ್ದದ್ದು, ಆ ಎಲೆಕ್ಟ್ರಾನ್‌ಗಳನ್ನು ಸ್ವೀಕರಿಸುವ ಪೊಟಾಸಿಯಂ ಫೆರಿಸಯನೈಡ್ ದ್ರಾವಣ. ಅದು ಖರ್ಚಾಗಿ ಹೋಗುವ ವಸ್ತುವಾದ್ದರಿಂದ ಬಹುಕಾಲದ ಬಳಕೆಗೆ ಒದಗದು. ಆದರೆ ಆನೋಡಿನ ವರ್ತನೆಯನ್ನಷ್ಟೇ ನೋಡಬೇಕಾದಾಗ ಅನುಕೂಲ.

ಮೊದಲ ವಾರವೇ ವೋಲ್ಟೇಜ್ ಏರಿತು. ಆದರೆ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕಾಯಿಸಿ ಜೀವಾಣುಗಳನ್ನು ಕೊಂದ ಬಗ್ಗಡ ತುಂಬಿದ್ದ ಹೋಲಿಕೆಯ ಕೋಶದಲ್ಲಿಯೂ ವೋಲ್ಟೇಜ್ ಕಾಣಿಸಿಕೊಂಡಾಗ ನನಗೆ ನಿಜಕ್ಕೂ ಆತಂಕವಾಯಿತು. ಬಿಚ್ಚಿ ನೋಡಿದರೆ, ಫೆಲ್ಟಿಗೆ ತಾಮ್ರದ ತಂತಿಯನ್ನು ಸೇರಿಸಿದ್ದ ಜಾಗದಲ್ಲಿ ಎಪಾಕ್ಸಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಒಳಗಿನ ತಾಮ್ರ ಕಪ್ಪಗಾಗಿ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತಿತ್ತು. ನಾನು ಅಳೆದದ್ದರಲ್ಲಿ ಒಂದು ಪಾಲು ಲೋಹದ ಸವೆತವೇ ಆಗಿತ್ತು. ತಾಮ್ರ ಜೀವಾಣುಗಳಿಗೆ ವಿಷವೂ ಹೌದು. ಆ ವಾರದ ಅಂಕಿಗಳನ್ನೆಲ್ಲ ಕೈಬಿಟ್ಟು, ದ್ರಾವಣಕ್ಕೆ ತಾಗುವ ಕಡೆಯಲ್ಲೆಲ್ಲ ಟೈಟಾನಿಯಂ ತಂತಿ ಹಾಕಿದೆ. ಸತ್ತ ಬಗ್ಗಡದ ಕೋಶವನ್ನು ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ಆ ತಪ್ಪು ನನಗೆ ತಿಳಿಯುತ್ತಲೇ ಇರಲಿಲ್ಲ. ಸಲಕರಣೆಗಳ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಸಲ ತೆರೆದ ಮಂಡಲದಲ್ಲಿ, ಅಂದರೆ ರೋಧಕವನ್ನು ಜೋಡಿಸದೆ ಅಳೆದಾಗ, 0.72 ವೋಲ್ಟ್ ದೊರೆಯಿತು. 1000 ಓಮ್ ರೋಧಕದ ಎರಡು ತುದಿಗಳ ನಡುವೆ 0.42 ವೋಲ್ಟ್ ಇತ್ತು, ಅಂದರೆ 0.42 ಮಿಲಿಆಂಪಿಯರ್ ಹರಿವು. ರೋಧಕಗಳನ್ನು 47 ಕಿಲೋಓಮ್‌ನಿಂದ ಕೆಳಕ್ಕೆ ಒಂದೊಂದಾಗಿ ಬದಲಿಸಿ, ಪ್ರತಿ ಸಲವೂ ಇಪ್ಪತ್ತು ನಿಮಿಷ ಕಾದು ಓದಿದಾಗ, 680 ಓಮ್‌ನ ಬಳಿ ಶಕ್ತಿ ಗರಿಷ್ಠವಾಯಿತು: ಆನೋಡಿನ ಚದರ ಮೀಟರಿಗೆ ಸುಮಾರು 93 ಮಿಲಿವ್ಯಾಟ್. ಹೊರಗಿನ ರೋಧ ಒಳಗಿನ ರೋಧಕ್ಕೆ ಸಮನಾದಾಗ ಶಕ್ತಿ ಗರಿಷ್ಠವಾಗುವುದರಿಂದ, ಕೋಶದ ಒಳರೋಧವೂ ಸರಿಸುಮಾರು ಅಷ್ಟೇ ಎಂದು ತಿಳಿಯಿತು. ಅವಸರಪಟ್ಟು ಎರಡೇ ನಿಮಿಷಕ್ಕೆ ಓದಿದರೆ ಶಕ್ತಿ ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ.

ಅನಂತರ ಆನೋಡ್ ಕೋಣೆಗೆ ಬೆಳ್ಳಿ–ಬೆಳ್ಳಿ ಕ್ಲೋರೈಡ್ ಆಧಾರ ವಿದ್ಯುದ್ವಾರವೊಂದನ್ನು ಇಳಿಸಿದೆ. ಇದರ ವೋಲ್ಟೇಜ್ ಸ್ಥಿರವಾಗಿರುವುದರಿಂದ ಆನೋಡ್, ಕ್ಯಾಥೋಡ್‌ಗಳನ್ನು ಇದಕ್ಕೆ ಹೋಲಿಸಿ ಬೇರೆಬೇರೆಯಾಗಿ ಅಳೆಯಬಹುದು. ವೋಲ್ಟೇಜ್ ಕುಸಿದಾಗ ದೋಷ ಬಗ್ಗಡದ ಕಡೆಯದೋ ಫೆರಿಸಯನೈಡಿನ ಕಡೆಯದೋ ಎಂಬುದನ್ನು ಅಂದಿನಿಂದ ಊಹಿಸಬೇಕಾಗಿಲ್ಲ.