ಮಷಿನ್‌ನಲ್ಲಿ ಗವಂತಿ: ಹಿಂದೆ ಮುಂದೆ ಒಂದೇ ಥರ ಬಂತು

ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುವ ಕಸೂತಿಯ ಗವಂತಿ ಹೊಲಿಗೆ ಮಷಿನ್‌ನಲ್ಲಿ ಬರುವುದಿಲ್ಲ ಅಂತ ಧಾರವಾಡದ ಕಡೆ ಹೇಳದವರೇ ಇಲ್ಲ. ಪಂಚಿಂಗ್ (ಡಿಸೈನನ್ನು ಮಷಿನ್ ಓದುವ ಫೈಲ್ ಮಾಡುವುದು) ಮಾಡುವವರೂ ಅದನ್ನೇ ಹೇಳಿದರು, ಕೈಯಲ್ಲಿ ಹಾಕುವವರೂ ಅದನ್ನೇ ಹೇಳಿದರು. ಈಗ ನನ್ನ ಬ್ಲೌಸ್ ಪೀಸ್ ತಿರುಗಿಸಿ ನೋಡಿದವರು ಇದರಲ್ಲಿ ಮೇಲ್ಭಾಗ ಯಾವುದು ಅಂತ ಕೇಳುತ್ತಾರೆ. ಸ್ವಲ್ಪ ಜಂಬ ಇದೆ, ಇರಲಿ ಬಿಡಿ.

ಮೊದಲು ಹೊರಗೆ ಪಂಚಿಂಗ್ ಮಾಡಿಸಿದೆ. ಡಿಸೈನ್‌ಗೆ 400 ರೂಪಾಯಿ ಆಸುಪಾಸು. ಗೋಪುರ, ತುಳಸಿ ಕಟ್ಟೆ, ಆನೆ ಕೊಟ್ಟರೆ ಎಲ್ಲವೂ ಸ್ಯಾಟಿನ್ ಹೊಲಿಗೆಯಲ್ಲಿ ದಪ್ಪಗೆ ಬಂದವು. ಗೋಪುರ ಸ್ಟಿಕರ್ ಅಂಟಿಸಿದ ಹಾಗೆ ಕಾಣುತ್ತಿತ್ತು. ಎರಡು ಸಾವಿರದ ಮೇಲೆ ಹಾಗೇ ಹೋಯಿತು. ಆಮೇಲೆ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್‌ಗೆ ಬೇರೆಯಾಗಿ ಸೇರಿಸಿಕೊಳ್ಳುವ ಇಂಕ್/ಸ್ಟಿಚ್ ಹಾಕಿಕೊಂಡು ನಾನೇ ಕೂತೆ. ಅದಕ್ಕೆ ದುಡ್ಡಿಲ್ಲ, ಕಣ್ಣುನೋವು ಮಾತ್ರ.

ರನ್ನಿಂಗ್ ಹೊಲಿಗೆ, ಉದ್ದ 2.2 ಮಿ.ಮೀ. ಇಟ್ಟೆ. ಅಡ್ಡ, ಉದ್ದ ಗೆರೆ ಸರಿ ಬಂದವು. ಓರೆ ಗೆರೆ ಕೆಟ್ಟಿತು. ಚೌಕದ ಮೂಲೆಯಿಂದ ಮೂಲೆಗೆ 3.1 ಆಗುತ್ತದಲ್ವಾ, ಅದನ್ನು ಸಾಫ್ಟ್‌ವೇರ್ ಎರಡು ತುಂಡು ಮಾಡಿ ಹೊಲಿಯುತ್ತದೆ. ಅದಕ್ಕೇ ಮ್ಯಾನ್ಯುಯಲ್ ಸ್ಟಿಚ್‌ಗೆ ಹೋದೆ. ಗ್ರಿಡ್ ಹಾಕಿ ಒಂದೊಂದು ಚುಕ್ಕಿಯನ್ನೂ ಕೈಯಲ್ಲೇ ಇಡುವುದು.

ಆದರೂ ಕೆಲವು ಗೆರೆ ತೆಳು, ಕೆಲವು ದಪ್ಪ. ಒಂದು ಗೋಪುರಕ್ಕೇ 40ರ ಹತ್ತಿರ ಜಂಪ್, ಅಂದರೆ ಹೊಲಿಯದೆ ಸೂಜಿ ಬೇರೆ ಕಡೆ ಹಾರುವುದು. ಟ್ರಿಮ್ ಮಾಡಿದ ಕಡೆಯೆಲ್ಲಾ ಹಿಂದುಗಡೆ ದಾರದ ತುದಿ. ನಮ್ಮ ಓಣಿಯಲ್ಲಿ ಕಸೂತಿ ಹಾಕುವ ಮೌಶಿಗೆ ತೋರಿಸಿದೆ. ಅವರು ಬಟ್ಟೆ ತಿರುಗಿಸಿ, ‘ತಮ್ಮಾ, ಹೋದ ದಾರೀಲೆ ತಿರುಗಿ ಬಾರೋ’ ಅಂದರು. ಅಷ್ಟೇ. ಅವರು ಕೈಯಲ್ಲಿ ಮಾಡುವುದೂ ಅದನ್ನೇ. ಹೋಗುವಾಗ ಒಂದು ಚೌಕದ ಮನೆ ಬಿಟ್ಟು ಒಂದು ಹೊಲಿಯುತ್ತಾರೆ, ಬರುವಾಗ ಬಿಟ್ಟದ್ದನ್ನು ತುಂಬುತ್ತಾರೆ.

ಮಷಿನ್‌ಗೆ ಅದನ್ನು ಹೀಗೆ ಕೂರಿಸಿದೆ. ಒಂದು ಕೊಂಬೆಯ ತುದಿವರೆಗೆ ಹೋಗು, ಅದೇ ಗೆರೆ ಮೇಲೆ ವಾಪಸ್ ಬಾ, ಮುಂದಿನ ಕೊಂಬೆ ಹಿಡಿ. ಗೆರೆಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ ಎಂಥ ಡಿಸೈನ್ ಆದರೂ ಪ್ರತಿ ಗೆರೆಯ ಮೇಲೆ ಸರಿಯಾಗಿ ಎರಡು ಸಲ ಓಡಿ ಶುರುವಾದ ಜಾಗಕ್ಕೇ ಬಂದು ನಿಲ್ಲುತ್ತದೆ. ಜಂಪ್ ಸೊನ್ನೆ. ದಪ್ಪ ಎಲ್ಲಾ ಕಡೆ ಒಂದೇ. ನಾವೆಲ್ಲ ಡೆನ್ಸಿಟಿ (ಹೊಲಿಗೆಯ ಒತ್ತು), ಕಾಂಪನ್ಸೇಷನ್ (ಬಟ್ಟೆ ಜಗ್ಗುವುದಕ್ಕೆ ಕೊಡುವ ಹೆಚ್ಚಳ) ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಇಲ್ಲಿ ಕೆಲಸ ಮಾಡಿದ್ದು ದಾರಿ. ಕಸೂತಿಯಲ್ಲಿ ಗಂಟು ಇರಬಾರದು, ಮಷಿನ್‌ಗೋ ದಾರ ಬಿಚ್ಚದಂತೆ ಹಿಡಿಯುವ ಲಾಕ್ ಹೊಲಿಗೆ ಬೇಕೇ ಬೇಕು. ಅದನ್ನು ಎಲ್ಲಿ ಅಡಗಿಸುತ್ತೇನೆ ಅಂತ ಮಾತ್ರ ಕೇಳಬೇಡಿ.

ಬಾಬಿನ್‌ಗೂ ಮೇಲಿನ ಬಣ್ಣದ ದಾರವನ್ನೇ ಸುತ್ತಬೇಕು. 40ನೇ ನಂಬರ್ ದಾರ ದಪ್ಪ, ಬೇಗ ಖಾಲಿಯಾಗುತ್ತದೆ, ಸಹಿಸಿಕೊಳ್ಳಿ. ರೇಯಾನ್ ಬೇಡ, ಹೊಳಪು ಜಾಸ್ತಿ. ನಾನು ಹಾಕುವುದು ಹೊಳಪಿಲ್ಲದ ಪಾಲಿಯೆಸ್ಟರ್. ಸ್ಪೀಡ್ ನಿಮಿಷಕ್ಕೆ 500 ಹೊಲಿಗೆ ದಾಟಿಸುವುದಿಲ್ಲ.

ಹೊಲಿಯುವಾಗ ಬಟ್ಟೆಯ ಕೆಳಗೆ ಇಡುವ ಪೇಪರ್ ವಿಷಯದಲ್ಲಿ ತುಂಬಾ ಕಳೆದುಕೊಂಡೆ. ಸುತ್ತ ಕತ್ತರಿಸುವ ಕಟ್‌ಅವೇ ಪೇಪರ್ ಹಿಂದೆ ಉಳಿಯುತ್ತದೆ, ಇಷ್ಟೆಲ್ಲ ಮಾಡಿದ್ದು ವ್ಯರ್ಥ. ಹರಿದು ತೆಗೆಯುವ ಪೇಪರ್ ಕಿತ್ತರೆ ಹೊಲಿಗೆ ಜಗ್ಗುತ್ತದೆ. ನೀರಲ್ಲಿ ಕರಗುವುದೇ ಸರಿ. ಆದರೆ ಒಂದು ಕರಿ ಚಂದ್ರಕಾಳಿ ಸೀರೆಯನ್ನು ನೀರಿಗೆ ಹಾಕಿದಾಗ ಬಣ್ಣ ಬಿಟ್ಟು ಬಿಳಿ ದಾರವೆಲ್ಲ ಬೂದು ಬಣ್ಣವಾಯಿತು. ಸೀರೆಯ ದುಡ್ಡು ನಾನೇ ಕಟ್ಟಿಕೊಟ್ಟೆ. ಈಗ ಮೂಲೆ ನೆನೆಸಿ ನೋಡದೆ ಫ್ರೇಮ್‌ಗೆ ಹಾಕುವುದಿಲ್ಲ.

ನಡುವೆ ಗುಳೇದಗುಡ್ಡ ಖಣದ ಮೇಲೂ ಸುಮ್ನೆ ಹೊಲಿದು ನೋಡಿದೆ. ಖಣದಲ್ಲಿ ನೇಯ್ದ ಬುಟ್ಟಾ ಮೊದಲೇ ಇರುತ್ತದೆ, ಎರಡೂ ಜಗಳವಾಡುತ್ತವೆ. ಜರಿ ದಾರ ಹಾಕಿದೆ. ಹೋದ ಗೆರೆಯಲ್ಲೇ ವಾಪಸ್ ಬರುವಾಗ ಸೂಜಿ ಅದನ್ನು ಸೀಳುತ್ತದೆ, ಮತ್ತೆ ಮತ್ತೆ ಕಟ್. ಬಿಟ್ಟೆ. ಕಸೂತಿಯ ಇನ್ನೊಂದು ಹೊಲಿಗೆ ಮುರ್ಗಿ ಮಾತ್ರ ಇದೇ ದಾರಿಯಲ್ಲಿ ಗವಂತಿಗಿಂತ ಸುಲಭವಾಗಿ ಬಂತು, ಮೆಟ್ಟಿಲು ಮೆಟ್ಟಿಲಾಗಿ.

ಕೈ ಹಿಡಿದದ್ದು ಕಾಲೇಜಿನ ಜಾನಪದ ನೃತ್ಯ ತಂಡದ ಆರ್ಡರ್. 20ರ ಮೇಲೆ ಕುಪ್ಪಸ, ತೋಳಿಗೆ ತೇರು, ಬೆನ್ನಿಗೆ ಗೋಪುರ. ಒಂದಕ್ಕೆ 700 ತೆಗೆದುಕೊಂಡೆ. ದಾರ, ಪೇಪರ್, ಕರೆಂಟ್ ಸೇರಿ 150 ಖರ್ಚಾಗಿರಬಹುದು. ಬಿಲ್‌ನಲ್ಲಿ ‘ಮಷಿನ್ ಕೆಲಸ’ ಅಂತ ಬರೆದೇ ಕೊಡುತ್ತೇನೆ. ಕೈಕಸೂತಿ ಅಂತ ಮಾರಿದರೆ ಮೌಶಿಯಂಥವರ ಹೊಟ್ಟೆ ಮೇಲೆ ಹೊಡೆದ ಹಾಗೆ.

ಕಸೂತಿಯ ಉಳಿದೆರಡು ಹೊಲಿಗೆ, ನೇಯ್ಗಿ ಮತ್ತು ಮೆಂತಿ (ಕ್ರಾಸ್ ಸ್ಟಿಚ್), ಇನ್ನೂ ಹತೋಟಿಗೆ ಬಂದಿಲ್ಲ. ಮೆಂತಿಗೆ ಹಿಂದುಗಡೆ ದಾರ ಗುಡ್ಡೆಯಾಗುತ್ತದೆ, ನೇಯ್ಗಿಗೆ ನೇಯ್ದ ಹಾಗೆ ಕಾಣುವ ಸಪಾಟು ಬರುವುದಿಲ್ಲ. ಆ ಆರ್ಡರ್ ಬಂದರೆ ಮೌಶಿಯ ಮನೆಗೇ ಕಳಿಸುತ್ತೇನೆ. ಕಮಿಷನ್ ಇಲ್ಲ.