ಉಗಿಬಂಡಿ ಪೇಂಟಿಂಗನ್ನ ಟೋಟ್ ಬ್ಯಾಗ್ ಮೇಲೆ ಹಾಕಿಸೋದು ಹೇಗೆ (ಮಲೆನಾಡಿನ ಮಳೆಗಾಲ ತಡೀಬೇಕಲ್ಲ!)

ಮೊದ್ಲು ಪರ್ಮಿಷನ್ ವಿಷಯ ಮುಗಿಸ್ಕೊಳ್ಳಿ. ಪೇಂಟಿಂಗ್ ದುಡ್ಡು ಕೊಟ್ಟು ತಂದು ಗೋಡೆಗೆ ಹಾಕಿದೀವಿ ಅಂದ ಮಾತ್ರಕ್ಕೆ ಪ್ರಿಂಟ್ ಹಾಕಿಸೋ ಹಕ್ಕು ಬರಲ್ಲ, ಅದು ಕಲಾವಿದರದ್ದೇ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವ್ರು ತೀರಿಕೊಂಡ ಮೇಲೂ 60 ವರ್ಷ ಉಳಿಯತ್ತೆ. ಎಷ್ಟು ಬ್ಯಾಗು, ಮಾರೋಕೋ ಮನೆಗೋ ಅಂತ ಒಂದು ಹಾಳೇಲಿ ಬರೆದು ಸೈನ್ ಹಾಕಿಸ್ಕೊಳ್ಳಿ.

ಆಮೇಲೆ ಸ್ಕ್ಯಾನ್. 10 ಇಂಚು ಅಗಲದ ಪ್ರಿಂಟಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3000 ಪಿಕ್ಸೆಲ್ ಬೇಕು. ಫೈಲನ್ನ ವಾಟ್ಸಾಪಲ್ಲಿ ಫೋಟೋ ಥರ ಕಳಿಸ್ಬೇಡಿ, ಕುಗ್ಗಿ ಹಾಳಾಗತ್ತೆ, ಡಾಕ್ಯುಮೆಂಟ್ ಅಂತ ಕಳ್ಸಿ.

ಇನ್ನು ಅಸಲಿ ತಲೆನೋವು ಹೊಗೆ. ಇಂಜಿನ್ ಕಪ್ಪು, ಅದು ಹೇಗೂ ಚೆನ್ನಾಗೇ ಬರತ್ತೆ, ಆದ್ರೆ ಹೊಗೆ ಬರ್ತಾ ಬರ್ತಾ ತೆಳ್ಳಗಾಗಿ ಆಕಾಶದಲ್ಲಿ ಕರಗ್ತದಲ್ಲ, ಅಲ್ಲೇ ಡಿಟಿಎಫ್ ಪ್ರಿಂಟು (ಮೊದ್ಲು ಫಿಲ್ಮ್ ಮೇಲೆ ಪ್ರಿಂಟ್ ಮಾಡಿ, ಆಮೇಲೆ ಬಿಸಿಯಲ್ಲಿ ಒತ್ತಿ ಬಟ್ಟೆಗೆ ಅಂಟಿಸೋದು) ಕೈ ಕೊಡೋದು, ಯಾಕಂದ್ರೆ ಅದು ಬಣ್ಣದ ಹಿಂದೆ ಬಿಳಿ ಇಂಕು, ಗೋಂದಿನ ಪುಡಿ ಎರಡೂ ಹಾಕತ್ತೆ, ಅರ್ಧ ಪಾರದರ್ಶಕ ಜಾಗಕ್ಕೆ ಅದು ಸರಿಯಾಗಿ ಕೂರಲ್ಲ, ಅಂಚು ಹರಕಲು ಹರಕಲಾಗಿ ಕಾಣತ್ತೆ. ಹೊಗೆ ಅಂಚನ್ನ ಹಾಫ್‌ಟೋನ್ ಚುಕ್ಕಿ (ತೆಳು ಬಣ್ಣದ ಬದ್ಲು ಬಿಡಿ ಬಿಡಿ ಸಣ್ಣ ಚುಕ್ಕಿ) ಮಾಡ್ಕೊಡಿ ಅಂತ ಡಿಸೈನ್ ಮಾಡೋರಿಗೆ ಬಾಯ್ಬಿಟ್ಟು ಹೇಳಿ. ಆಕಾಶ ಪೂರ್ತಿ ತೆಗೆಸಿಬಿಡೋದು ಇನ್ನೂ ವಾಸಿ (ಕಲಾವಿದರನ್ನ ಕೇಳಿ ಮತ್ತೆ!), ಬಟ್ಟೆ ಬಣ್ಣಾನೇ ಆಕಾಶ ಆಗ್ಲಿ. ಚೌಕ ಚಿತ್ರ ಇಡೀ ಒತ್ತಿದ್ರೆ ಬ್ಯಾಗ್ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸ್ಕೊಂಡ ಹಾಗೆ, ಮಡಚಿದ ಕಡೆ ಬಿರುಕು ಬೇರೆ.

ಕೆಳಗಡೆ 3 ಇಂಚು ಖಾಲಿ ಬಿಡ್ಸಿ. ಬ್ಯಾಗಿಗೆ ತರಕಾರಿ ತುಂಬಿದ್ರೆ ತಳ ಒಳಗೆ ತಿರುಗತ್ತೆ, ಚಕ್ರಗಳೇ ಮಾಯ! ತಾಳಗುಪ್ಪ ರೈಲು ಲೈನು ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್) ಇದ್ದಾಗ ನೋಡಿದ ಹಳಬರು ಸಾಗರದ ಕಡೆ ಇನ್ನೂ ಇದಾರೆ, ಅವ್ರು ಮೊದ್ಲು ನೋಡೋದೇ ಚಕ್ರ. ಮೀಟರ್ ಗೇಜಿನ ವೈಪಿ (ಒಂದು ಮಾದರಿ ಉಗಿ) ಇಂಜಿನ್ ಆದ್ರೆ ಪಕ್ಕದಿಂದ ಮುಂದೆ ಸಣ್ಣವು 2, ಮಧ್ಯ ದೊಡ್ಡವು 3, ಹಿಂದೆ 1 ಕಾಣ್ಬೇಕು. ಕ್ರಾಪ್ ಮಾಡುವಾಗ ಆ ಹಿಂದಿಂದು ಹಾರಿಹೋಗತ್ತೆ, ಹುಷಾರು.

ಬಟ್ಟೆ ದಪ್ಪ ಕಾಟನ್ ಕ್ಯಾನ್ವಾಸೇ ಇರ್ಲಿ. ಒಂದ್ಸಲ ಒಗೆದು ಗಂಜಿ ಬಿಡ್ಸಿ, ಕುಗ್ಗೋದು ಮೊದ್ಲೇ ಕುಗ್ಲಿ. ಆಷಾಢದಲ್ಲಿ ನಮ್ಮ ಕಡೆ ಬೀರುವಲ್ಲಿಟ್ಟ ಬಟ್ಟೇನೂ ತಣ್ಣಗೆ ಥಂಡಿ ಹಿಡಿದಿರತ್ತೆ ಮಾರಾಯ್ರೆ, ಆ ತೇವದ ಮೇಲೆ ಒತ್ತಿದ್ರೆ ಅಂಟಲ್ಲ. ಅದಕ್ಕೆ ಹೀಟ್ ಪ್ರೆಸ್ಸಲ್ಲಿ ಬರೀ ಬ್ಯಾಗನ್ನ ಮೊದ್ಲು ಕೆಲವು ಸೆಕೆಂಡ್ ಒತ್ತಿ ತೇವ ಆರಿಸ್ಲೇಬೇಕು, ಆಮೇಲೆ ಫಿಲ್ಮ್ ಇಟ್ಟು 150 ಡಿಗ್ರಿ ಆಸುಪಾಸಲ್ಲಿ 10-15 ಸೆಕೆಂಡ್, ಫಿಲ್ಮ್ ಬಿಸಿ ಇದ್ದಾಗ ಎಳೀಬೇಕೋ ತಣ್ಣಗಾದ್ಮೇಲೋ ಅನ್ನೋದು ಆಯಾ ಫಿಲ್ಮಿಗೆ ಬಿಟ್ಟಿದ್ದು.

ಒಂದು ದಿನ ಬಿಟ್ಟು ಒಗೀರಿ, ಒಳಗು ಹೊರಗು ಮಾಡಿ, ತಣ್ಣೀರಲ್ಲಿ, ಬ್ರಷ್ ಮುಟ್ಟಿಸ್ಬೇಡಿ. ಮಳೆಗಾಲದಲ್ಲಿ ಎಲ್ಲಾನೂ ಬಚ್ಚಲ ಒಲೆ ಹತ್ರ ಒಣಗಿಸೋ ಅಭ್ಯಾಸ ನಮ್ದು, ಇದನ್ನ ಮಾತ್ರ ಅಲ್ಲಿ ಹಾಕ್ಬೇಡಿ, ಕಾವಿಗೆ ಪ್ರಿಂಟು ಮೆತ್ತಗಾಗತ್ತೆ. ಫ್ಯಾನ್ ಕೆಳಗೆ ನೇತಾಕಿ, ಅರೆಬರೆ ಒಣಗಿದ್ದನ್ನ ಮಡಚಿಟ್ರೆ ವಾರದೊಳಗೆ ಬೂಷ್ಟು ಗ್ಯಾರಂಟಿ.